ಗೇರ್‌ಬಾಕ್ಸ್ ಇಳಿಸುವ ಮುನ್ನ: ಮ್ಯಾನ್ಯುಯಲ್ ಸ್ಪೋರ್ಟ್ಸ್ ಕಾರಿನ ಕ್ಲಚ್ ಮತ್ತು ಗೇರ್ ದೋಷ ಹುಡುಕುವ ಬಗೆ

ಗೇರ್ ಸರಿಯಾಗಿ ಬೀಳುತ್ತಿಲ್ಲ ಎಂದ ಕೂಡಲೇ ಕೇಳಿಬರುವ ಮಾತು ‘ಗೇರ್‌ಬಾಕ್ಸ್ ಹೋಗಿದೆ’. ಆ ಮಾತು ನಂಬಿ ನಾನೂ ಒಮ್ಮೆ ಎರಡು ಭಾನುವಾರಗಳನ್ನು ಕಾರಿನ ಅಡಿಯಲ್ಲಿ ಕಳೆದಿದ್ದೇನೆ. ಒಂದನೇ ಗೇರ್ ಬೀಳುತ್ತಿರಲಿಲ್ಲ, ರಿವರ್ಸ್ ಹಾಕಿದರೆ ಕರ್ರೆನ್ನುತ್ತಿತ್ತು. ಗೇರ್‌ಬಾಕ್ಸ್ ಇಳಿಸಿದೆ, ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್ ಎಲ್ಲವನ್ನೂ ಹೊಸದು ಹಾಕಿದೆ, ಮತ್ತೆ ಏರಿಸಿದೆ. ಕಾರು ಮೊದಲಿನಂತೆಯೇ ಕರ್ರೆಂದಿತು. ಕೊನೆಗೆ ಗೆಳೆಯನೊಬ್ಬನನ್ನು ಪೆಡಲ್ ಒತ್ತಲು ಕೂರಿಸಿ, ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡಿನ ಅಡಿಗೆ ತಲೆ ತೂರಿಸಿದಾಗ ವಿಷಯ ಗೊತ್ತಾಯಿತು. ಪೆಡಲ್ ನೇತಾಡುವ ಬ್ರಾಕೆಟ್ಟಿನ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು. ಒತ್ತಿದಾಗಲೆಲ್ಲ ಅದು ಬಾಯಿ ತೆರೆಯುತ್ತಿತ್ತು, ಬಿಟ್ಟಾಗ ಮುಚ್ಚಿಕೊಳ್ಳುತ್ತಿತ್ತು. ಕಾಲಿನ ಬಲದ ಒಂದು ಪಾಲು ಪೆಡಲಿನ ಒತ್ತಡವನ್ನು ಫ್ಲೂಯಿಡಿಗೆ ದಾಟಿಸುವ ಮಾಸ್ಟರ್ ಸಿಲಿಂಡರಿಗೆ ತಲುಪುವ ಬದಲು ತಗಡು ಬಗ್ಗಿಸುವುದರಲ್ಲೇ ಮುಗಿದುಹೋಗುತ್ತಿತ್ತು.

ಅಂದಿನಿಂದ ನನ್ನ ಕ್ರಮ ಬದಲಾಯಿತು. ಮೊದಲು ಚಾಲಕನ ಸೀಟಿನಲ್ಲಿ ಕೂತು ಮಾಡಬಹುದಾದ ಪರೀಕ್ಷೆಗಳು, ಆಮೇಲೆ ಬಾನೆಟ್ ಎತ್ತಿ ನೋಡಬಹುದಾದದ್ದು, ನಂತರ ಕಾರಿನ ಅಡಿ. ಗೇರ್‌ಬಾಕ್ಸ್ ಇಳಿಸುವುದು ಕಟ್ಟಕಡೆಗೆ. ಈ ಬರಹವೂ ಹೆಚ್ಚುಕಡಿಮೆ ಅದೇ ದಾರಿಯಲ್ಲಿ ಸಾಗುತ್ತದೆ. ಇನ್ನೊಂದು ಮಾತು: ಕಾರಿನ ಅಡಿಗೆ ಹೋಗುವಾಗ ಬರೀ ಜಾಕನ್ನು ನಂಬಬೇಡಿ. ಸಮತಟ್ಟಾದ ಗಟ್ಟಿ ನೆಲದ ಮೇಲೆ ಸ್ಟ್ಯಾಂಡ್ ಕೊಟ್ಟು, ಕಾರನ್ನು ಒಮ್ಮೆ ಅಲುಗಾಡಿಸಿ ನೋಡಿ, ಆಮೇಲೆ ನುಸುಳಿ.

ಎಂಜಿನ್ ನಿಂತಾಗ ಗೇರ್ ಬೀಳುತ್ತದೆಯೇ?

ಎಲ್ಲಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಇದು. ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಎಂಜಿನ್ ಆಫ್ ಮಾಡಿ, ಕ್ಲಚ್ ಒತ್ತಿ, ಎಲ್ಲ ಗೇರುಗಳನ್ನೂ ಒಂದೊಂದಾಗಿ ಹಾಕಿ ನೋಡಿ. ಒಂದೆರಡು ಗೇರ್ ತಡೆದರೆ ಹೆದರಬೇಕಾಗಿಲ್ಲ, ಒಳಗೆ ಹಲ್ಲಿಗೆ ಹಲ್ಲು ಎದುರಾಗಿ ನಿಂತಿರಬಹುದು. ಕಾರನ್ನು ಒಂದಿಷ್ಟು ಮುಂದಕ್ಕೆ ತಳ್ಳಿ ಮತ್ತೆ ಪ್ರಯತ್ನಿಸಿ.

ಎಂಜಿನ್ ನಿಂತಾಗ ಎಲ್ಲ ಗೇರೂ ಸಲೀಸಾಗಿ ಬಿದ್ದು, ಎಂಜಿನ್ ಓಡುವಾಗ ಮಾತ್ರ ತಡೆದರೆ ದೋಷ ಕ್ಲಚ್ಚಿನದು: ಪೆಡಲ್ ಒತ್ತಿದರೂ ಕ್ಲಚ್ ಪ್ಲೇಟ್ ಎಂಜಿನ್ನಿನೊಂದಿಗೆ ತಿರುಗುವ ಫ್ಲೈವೀಲಿನಿಂದ ಪೂರ್ತಿ ಬಿಡಿಸಿಕೊಳ್ಳುತ್ತಿಲ್ಲ. ಎಂಜಿನ್ ನಿಂತಾಗಲೂ ಲಿವರ್ ಮೊಂಡು ಹಿಡಿದರೆ ಕ್ಲಚ್ಚನ್ನು ದೂರಬೇಡಿ. ಲಿವರ್, ಅದರ ಬುಷ್, ಕೇಬಲ್ ಅಥವಾ ಗೇರನ್ನು ಸರಿಸುವ ಒಳಗಿನ ಫೋರ್ಕ್ ನೋಡಬೇಕು. ಎಂಜಿನ್ ಅಡ್ಡಲಾಗಿ ಕೂತ ಕಾರುಗಳಲ್ಲಿ ಕೇಬಲ್ ತುದಿಯ ಪ್ಲಾಸ್ಟಿಕ್ ಬುಷ್ ಪುಡಿಯಾಗಿರುವುದು ತೀರಾ ಸಾಮಾನ್ಯ. ಲಿವರ್ ನೇರ ಗೇರ್‌ಬಾಕ್ಸಿನ ಮೇಲೆಯೇ ಕೂತಿರುವ ಕಾರುಗಳಲ್ಲಿ ಅದರ ಬುಡದ ನೈಲಾನ್ ಬಟ್ಟಲು ಸವೆದಿರುತ್ತದೆ. ಮಾಜ್ದಾ ಎಮ್‌ಎಕ್ಸ್-5ರ ಮೊದಲ ತಲೆಮಾರುಗಳಲ್ಲಿ ಲಿವರಿನ ಬುಡಕ್ಕೇ ಪ್ರತ್ಯೇಕವಾಗಿ ಸ್ವಲ್ಪ ಆಯಿಲ್ ಇರುತ್ತದೆ, ಅದು ಒಣಗಿದ್ದರೂ ಲಿವರ್ ಬಿಗಿಯಾಗುತ್ತದೆ. ಕನ್ಸೋಲ್ ಬಿಚ್ಚಿ ನೋಡಬಹುದಾದ ಇಂಥ ಸಂಗತಿಗೆ ಗೇರ್‌ಬಾಕ್ಸ್ ಇಳಿಸಿದವರಿದ್ದಾರೆ.

ಪ್ಲೇಟ್ ಬಿಡಿಸಿಕೊಳ್ಳದಿದ್ದರೆ

ಇದನ್ನು ಖಚಿತ ಮಾಡಿಕೊಳ್ಳಲು ರಿವರ್ಸ್ ಗೇರೇ ಸಾಕು. ಅನೇಕ ಗೇರ್‌ಬಾಕ್ಸ್‌ಗಳಲ್ಲಿ ರಿವರ್ಸ್‌ಗೆ ಸಿಂಕ್ರೊ (ಗೇರ್ ಬೀಳುವ ಮುನ್ನ ಭಾಗಗಳ ವೇಗ ಹೊಂದಿಸುವ ವ್ಯವಸ್ಥೆ) ಇರುವುದಿಲ್ಲ, ಹಾಗಾಗಿ ಅದು ಸುಳ್ಳು ಹೇಳುವುದಿಲ್ಲ. ಎಂಜಿನ್ ಐಡಲ್‌ನಲ್ಲಿ ಓಡುತ್ತಿರಲಿ. ನ್ಯೂಟ್ರಲ್‌ನಲ್ಲಿ ಕ್ಲಚ್ ಪೂರ್ತಿ ಒತ್ತಿ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ, ನಂತರ ಮೆಲ್ಲಗೆ ರಿವರ್ಸ್ ಹಾಕಿ. ಆ ಹತ್ತು ಸೆಕೆಂಡಿನಲ್ಲಿ ಒಳಗಿನ ಶಾಫ್ಟುಗಳು ತಿರುಗುವುದನ್ನು ನಿಲ್ಲಿಸಿರಬೇಕು. ಸದ್ದಿಲ್ಲದೆ ಬಿದ್ದರೆ ಕ್ಲಚ್ ಸರಿಯಿದೆ. ಎಣಿಸಿ ಕಾದ ಮೇಲೂ ಕರ್ರೆಂದರೆ ಪ್ಲೇಟ್ ಇನ್ನೂ ಫ್ಲೈವೀಲಿಗೆ ಉಜ್ಜುತ್ತಾ ಶಾಫ್ಟನ್ನು ತಿರುಗಿಸುತ್ತಿದೆ. ಕ್ಲಚ್ ಒತ್ತಿದ ತಕ್ಷಣವೇ ರಿವರ್ಸ್ ಎಳೆದು ಸದ್ದು ಬಂತೆಂದು ದೂರುವವರ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಅದು ಆತುರದ ಸದ್ದು.

ಈಗ ಪೆಡಲನ್ನು ಮೂರು ನಾಲ್ಕು ಸಲ ಬೇಗ ಬೇಗ ಪಂಪ್ ಮಾಡಿ, ಕೊನೆಯ ಸಲ ಒತ್ತಿ ಹಿಡಿದು ಗೇರ್ ಹಾಕಿ. ಈಗ ಸಲೀಸಾಗಿ ಬಿತ್ತೇ? ಹಾಗಾದರೆ ದೋಷ ಹೈಡ್ರಾಲಿಕ್ಸ್‌ನಲ್ಲಿದೆ, ಅಂದರೆ ಲೈನಿನಲ್ಲಿ ಏರ್ ಹಿಡಿದಿದೆ ಅಥವಾ ಸೀಲು ಸೋತಿದೆ. ಎರಡನ್ನೂ ಬೇರೆ ಮಾಡಲು, ಎದುರಿಗೆ ಯಾರೂ ಇಲ್ಲದ ಸಮತಟ್ಟು ಜಾಗದಲ್ಲಿ, ಒಂದನೇ ಗೇರ್ ಹಾಕಿ, ಬಲಗಾಲನ್ನು ಬ್ರೇಕಿನ ಮೇಲೆ ಹಗುರಾಗಿ ಇಟ್ಟುಕೊಂಡು, ಕ್ಲಚ್ಚನ್ನು ಒಂದು ನಿಮಿಷ ಒತ್ತಿಯೇ ಹಿಡಿಯಿರಿ. ಕಾಲು ಅಲುಗಿಸದಿದ್ದರೂ ಕಾರು ಮೆಲ್ಲಮೆಲ್ಲಗೆ ಮುಂದಕ್ಕೆ ತವಕಿಸತೊಡಗಿದರೆ ಒತ್ತಡ ಎಲ್ಲೋ ಇಳಿದುಹೋಗುತ್ತಿದೆ. ಹೊರಗೆ ಒಂದು ಹನಿಯೂ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿನ ಒಳಸೀಲನ್ನು ದಾಟಿ ಫ್ಲೂಯಿಡ್ ಹಿಂದಕ್ಕೆ ಹೋಗುತ್ತಿದೆ ಎಂದರ್ಥ.

ಸೋರಿಕೆ ಹುಡುಕುವಾಗ ಪೆಡಲ್ ಬಳಿಯ ಕಾರ್ಪೆಟ್ಟನ್ನು ಮುಟ್ಟಿ ನೋಡುವುದನ್ನು ಮರೆಯಬೇಡಿ. ಮಾಸ್ಟರ್ ಸಿಲಿಂಡರ್ ಹಿಂದಿನಿಂದ ಸೋರಿದರೆ ಫ್ಲೂಯಿಡ್ ಎಂಜಿನ್ ಕಡೆಗಲ್ಲ, ಕ್ಯಾಬಿನ್ನಿನೊಳಗೆ ಇಳಿಯುತ್ತದೆ. ಮಾಸ್ಟರ್‌ನಿಂದ ಬಂದ ಒತ್ತಡದಿಂದ ಕ್ಲಚ್ಚನ್ನು ಬಿಡಿಸುವ ಸ್ಲೇವ್ ಸಿಲಿಂಡರ್ ಗೇರ್‌ಬಾಕ್ಸಿನ ಹೊರಗಿದ್ದರೆ ಅದರ ರಬ್ಬರ್ ಟೋಪಿಯ ಅಂಚನ್ನು ಬೆರಳಿನಿಂದ ಎತ್ತಿ ನೋಡಿ. ಒಳಗೆ ಒದ್ದೆಯಾಗಿದ್ದರೆ ಅದರ ಕಾಲ ಮುಗಿಯಿತು. ಎಮ್‌ಎಕ್ಸ್-5ರ ಮೊದಲೆರಡು ತಲೆಮಾರುಗಳ ಮಾಲೀಕರಿಗೆ ಇದು ಹಳೆಯ ಪರಿಚಯ. ಅದರಲ್ಲಿ ಸಿಲಿಂಡರ್ ಎರಡು ಬೋಲ್ಟುಗಳ ಮೇಲೆ ಹೊರಗೇ ಕೂತಿರುವುದು ಪುಣ್ಯ. ನಿಸಾನ್ 370ಝಡ್‌ನಂಥ ಕಾರುಗಳಲ್ಲಿ ಸ್ಲೇವ್ ಸಿಲಿಂಡರ್ ಇನ್‌ಪುಟ್ ಶಾಫ್ಟಿನ (ಕ್ಲಚ್ ಪ್ಲೇಟಿನಿಂದ ಗೇರ್‌ಬಾಕ್ಸಿಗೆ ಶಕ್ತಿ ಒಯ್ಯುವ ಶಾಫ್ಟ್) ಸುತ್ತ, ಕ್ಲಚ್ಚನ್ನು ಮುಚ್ಚಿರುವ ಬೆಲ್ ಹೌಸಿಂಗಿನೊಳಗೇ ಇರುತ್ತದೆ. ಅದು ಸೋತರೆ ಗೇರ್‌ಬಾಕ್ಸ್ ಇಳಿಯಲೇಬೇಕು.

ಹೈಡ್ರಾಲಿಕ್ಸ್ ಮೇಲೆ ಗುಮಾನಿ ಬಂದರೆ ಕಣ್ಣಂದಾಜು ಸಾಲದು, ಅಳೆಯಬೇಕು. ಒಬ್ಬರು ಪೆಡಲ್ ಒತ್ತುತ್ತಿರಲಿ. ನೀವು ಸ್ಲೇವ್ ಸಿಲಿಂಡರಿನ ಕಡ್ಡಿಗೆ ಮಾರ್ಕರ್‌ನಲ್ಲಿ ಗೆರೆ ಹಾಕಿ, ಅದು ಎಷ್ಟು ಮಿಲಿಮೀಟರ್ ಮುಂದೆ ಬರುತ್ತದೆ ಎಂದು ಸ್ಕೇಲಿನಲ್ಲಿ ನೋಡಿ, ಆ ಕಾರಿನ ಸರ್ವಿಸ್ ಕೈಪಿಡಿಯ ಅಂಕಿಯೊಂದಿಗೆ ಹೋಲಿಸಿ. ಕಡ್ಡಿ ಬರಬೇಕಾದಷ್ಟು ಬರುತ್ತಿಲ್ಲವೆಂದರೆ ದೋಷ ಇನ್ನೂ ನಿಮ್ಮ ಕೈಗೆಟಕುವ ಕಡೆಯೇ ಇದೆ: ಏರ್, ಸೀಲು, ಹಳೆಯ ರಬ್ಬರ್ ಪೈಪ್ ಉಬ್ಬುವುದು, ಬಗ್ಗುವ ಬ್ರಾಕೆಟ್, ಪೆಡಲ್ ಪೂರ್ತಿ ಇಳಿಯದಂತೆ ತಡೆಯುವ ದಪ್ಪ ಮ್ಯಾಟ್. ಕೊನೆಯದನ್ನು ಓದಿ ನಗು ಬರಬಹುದು. ಆದರೆ ನಾನಂತೂ ಮೊದಲು ಮ್ಯಾಟ್ ತೆಗೆದು ಪಕ್ಕಕ್ಕೆಸೆದೇ ಪರೀಕ್ಷೆ ಶುರು ಮಾಡುವುದು.

ಕಡ್ಡಿ ಪೂರ್ತಿ ಚಲಿಸಿದರೂ ಪ್ಲೇಟ್ ಬಿಡುತ್ತಿಲ್ಲವೆಂದರೆ ಮಾತ್ರ ಬೆಲ್ ಹೌಸಿಂಗಿನ ಒಳಗಿನ ಸಂಗತಿ: ಸೊಟ್ಟಗಾದ ಪ್ಲೇಟ್, ತುಕ್ಕು ಹಿಡಿದ ಸ್ಪ್ಲೈನ್ (ಪ್ಲೇಟ್ ಕೂರುವ ಶಾಫ್ಟಿನ ಮೇಲಿನ ಉದ್ದ ಹಲ್ಲುಗಳು), ಜಾಮ್ ಆದ ಪೈಲಟ್ ಬೇರಿಂಗ್ (ಇನ್‌ಪುಟ್ ಶಾಫ್ಟಿನ ತುದಿಯನ್ನು ಹಿಡಿದಿರುವುದು), ಮುರಿದ ಕ್ಲಚ್ ಫೋರ್ಕ್. ತಿಂಗಳುಗಟ್ಟಲೆ ಹೊದಿಕೆಯಡಿ ನಿಂತಿದ್ದ ಕಾರಾದರೆ ಪ್ಲೇಟ್ ತುಕ್ಕಿನಿಂದ ಫ್ಲೈವೀಲಿಗೇ ಅಂಟಿಕೊಂಡಿರಬಹುದು. ಹೊಸ ಕ್ಲಚ್ ಹಾಕಿದ ಮರುದಿನವೇ ಈ ತೊಂದರೆ ಶುರುವಾದರೆ ಪ್ಲೇಟನ್ನು ತಿರುಗುಮುರುಗು ಕೂರಿಸಿದ್ದಾರೆಯೇ ಎಂಬ ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಿ.

ಟ್ರ್ಯಾಕಿನಲ್ಲಿ ಓಡಿಸುವವರಿಗೆ ಇನ್ನೊಂದು ಬಗೆಯ ಅನುಭವವಾಗುತ್ತದೆ. ತಣ್ಣಗಿದ್ದಾಗ ಎಲ್ಲ ಚೆನ್ನ. ಹತ್ತು ಸುತ್ತು ಮುಗಿಯುವಷ್ಟರಲ್ಲಿ ಪೆಡಲ್ ಮೆತ್ತಗಾಗಿ ನೆಲಕ್ಕೆ ಅಂಟಿಕೊಳ್ಳುತ್ತದೆ. ಎಗ್ಸಾಸ್ಟಿನ ಪಕ್ಕದಲ್ಲೇ ಹಾದುಹೋಗುವ ಲೈನಿನಲ್ಲಿ ಫ್ಲೂಯಿಡ್ ಕುದಿದಿದೆ. ಡಾಟ್ 4 ದರ್ಜೆಯ ಫ್ಲೂಯಿಡ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ಅದೇ ಫ್ಲೂಯಿಡ್ ಗಾಳಿಯ ತೇವ ಹೀರಿ ಹಳತಾದ ಮೇಲೆ ಈ ಮಿತಿ 155ಕ್ಕೆ ಇಳಿಯುತ್ತದೆ. ರಿಸರ್ವಾಯರಿನಲ್ಲಿ ಫ್ಲೂಯಿಡ್ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ ಬೇರೇನನ್ನೂ ಮುಟ್ಟುವ ಮೊದಲು ಅದನ್ನು ಬದಲಿಸಿ, ಏರ್ ತೆಗೆಯಿರಿ. ಏರ್ ತೆಗೆಯುವಾಗ ಪೆಡಲನ್ನು ನಿಧಾನವಾಗಿ ಒತ್ತಿಸಿ. ಅದು ತಾನಾಗಿ ಮೇಲೇಳದಿದ್ದರೆ ಕೈಯಿಂದ ಎತ್ತಿ. ಬಣ್ಣದ ಮೇಲೆ ಚೆಲ್ಲಿದ ಫ್ಲೂಯಿಡನ್ನು ತಕ್ಷಣ ನೀರಿನಿಂದ ತೊಳೆಯದಿದ್ದರೆ ಪೇಂಟ್ ಎದ್ದುಬರುತ್ತದೆ.

ಜಾರುವ ಕ್ಲಚ್

ಇದು ತದ್ವಿರುದ್ಧ ರೋಗ. ಪೆಡಲ್ ಬಿಟ್ಟಿದ್ದರೂ ಪ್ಲೇಟ್ ಪೂರ್ತಿ ಹಿಡಿಯುವುದಿಲ್ಲ. ಆರ್‌ಪಿಎಂ ಏರುತ್ತದೆ, ವೇಗ ಏರುವುದಿಲ್ಲ. ಹ್ಯಾಂಡ್ ಬ್ರೇಕ್ ಎಳೆದು ಮೂರನೇ ಗೇರಿನಲ್ಲಿ ಕ್ಲಚ್ ಬಿಟ್ಟು ಎಂಜಿನ್ ನಿಲ್ಲುತ್ತದೆಯೇ ನೋಡುವ ಹಳೆಯ ಪರೀಕ್ಷೆ ನಿಮಗೆ ಗೊತ್ತಿರಬಹುದು. ಎಂಜಿನ್ ನಿಂತರೆ ಕ್ಲಚ್ ಚೆನ್ನಾಗಿದೆ ಎಂದುಕೊಳ್ಳುವವರೂ ಇದ್ದಾರೆ. ಅದು ಪೂರ್ತಿ ಸತ್ತ ಕ್ಲಚ್ಚನ್ನು ಮಾತ್ರ ಹಿಡಿದುಕೊಡುತ್ತದೆ, ಜಾರಲು ಶುರುವಾದ ಕ್ಲಚ್ಚನ್ನಲ್ಲ. ಮತ್ತೆ ಮತ್ತೆ ಮಾಡಿದರೆ ಉಳಿದಿರುವ ಪ್ಲೇಟನ್ನೂ ಸುಡುತ್ತದೆ.

ನನಗೆ ಹಿಡಿಸಿದ್ದು ಭಾಗಾಕಾರದ ಪರೀಕ್ಷೆ. ಕ್ಲಚ್ ಜಾರದಿದ್ದರೆ ಒಂದು ಗೇರಿನಲ್ಲಿ ಆರ್‌ಪಿಎಂ ಮತ್ತು ವೇಗದ ಅನುಪಾತ ಬದಲಾಗಲು ಸಾಧ್ಯವೇ ಇಲ್ಲ, ನಡುವೆ ಇರುವುದೆಲ್ಲ ಹಲ್ಲು ಕಚ್ಚಿದ ಚಕ್ರಗಳು. ಓಬಿಡಿ ಸಾಧನ (ಕಾರಿನ ಕಂಪ್ಯೂಟರಿನ ಅಂಕಿ ಓದುವ ಪುಟ್ಟ ಉಪಕರಣ) ಸಿಕ್ಕಿಸಿ ಎರಡನ್ನೂ ಮೊಬೈಲಿನಲ್ಲಿ ದಾಖಲಿಸಿಕೊಳ್ಳಿ. ಐದನೇ ಗೇರಿನಲ್ಲಿ 80 ಕಿಲೋಮೀಟರ್ ವೇಗಕ್ಕೆ 2,400 ಆರ್‌ಪಿಎಂ ತೋರಿಸಿತು ಎಂದುಕೊಳ್ಳಿ. ಭಾಗಿಸಿದರೆ 30. ಆಕ್ಸಿಲರೇಟರನ್ನು ಪೂರ್ತಿ ಒತ್ತಿ ವೇಗ 110 ತಲುಪಿದಾಗ ಅದು 3,300 ಇರಬೇಕು. 3,700 ತೋರಿಸಿದರೆ ಕ್ಲಚ್ 400 ಸುತ್ತುಗಳಷ್ಟು ಜಾರುತ್ತಿದೆ. ಕಿವಿಗೆ ಗೊತ್ತಾಗುವ ಮೊದಲೇ ಅಂಕಿ ಹೇಳಿಬಿಡುತ್ತದೆ. ಕೆಳಗಿನ ಗೇರುಗಳಲ್ಲಿ ಈ ಪರೀಕ್ಷೆ ಬೇಡ, ಅಲ್ಲಿ ಟೈರೇ ಜಾರಿ ಲೆಕ್ಕ ಕೆಡಿಸೀತು. ಮೇಲಿನ ಗೇರ್, ಕಡಿಮೆ ಆರ್‌ಪಿಎಂ, ಪೂರ್ತಿ ಆಕ್ಸಿಲರೇಟರ್ ಮತ್ತು ಖಾಲಿ ರಸ್ತೆ ಬೇಕು.

ಎಲ್ಲಿ ಜಾರುತ್ತದೆ ಎಂಬುದನ್ನೂ ಗಮನಿಸಿ. ಕ್ಲಚ್ಚಿಗೆ ಕಷ್ಟವಾಗುವುದು ಎಂಜಿನ್ ಹೆಚ್ಚು ಸುತ್ತು ತಿರುಗುವಾಗಲ್ಲ, ಟಾರ್ಕ್ ಗರಿಷ್ಠ ಇರುವಾಗ. ಟರ್ಬೊ ಕಾರಿನ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಟ್ಯೂನ್ ಮಾಡಿಸಿದ ಮೇಲೆ ಐದು ಅಥವಾ ಆರನೇ ಗೇರಿನಲ್ಲಿ, ಟರ್ಬೊ ಎಳೆಯಲು ಶುರು ಮಾಡುವ ಹೊತ್ತಿಗೆ ಮಾತ್ರ ಜಾರಿದರೆ, ಕ್ಲಚ್ ಕೆಟ್ಟಿದೆ ಎನ್ನುವುದಕ್ಕಿಂತ ಅದಕ್ಕೆ ಮೀರಿದ ಹೊರೆ ಹೊರಿಸಿದ್ದೀರಿ ಎನ್ನುವುದು ನ್ಯಾಯ. ಅದೇ ಅಳತೆಯ ಹೊಸ ಪ್ಲೇಟ್ ಹಾಕಿದರೆ ಅದೂ ಬೇಗ ಸೋಲುತ್ತದೆ.

ತಣ್ಣಗಿದ್ದಾಗ ಹಿಡಿದು, ಬಿಸಿಯಾದ ಮೇಲೆ ಮಾತ್ರ ಜಾರುವ ಕ್ಲಚ್ಚನ್ನು ಕಂಡರೆ ಗೇರ್‌ಬಾಕ್ಸ್ ಇಳಿಸುವ ಅವಸರ ಬೇಡ. ಪೆಡಲಿನ ತುದಿಯಲ್ಲಿ ಕೆಲವು ಮಿಲಿಮೀಟರ್‌ನಷ್ಟಾದರೂ ಸಡಿಲು ಇರಬೇಕು. ಮಾಸ್ಟರ್ ಸಿಲಿಂಡರಿನ ಕಡ್ಡಿಯನ್ನು ಅತಿಯಾಗಿ ಬಿಗಿ ಹೊಂದಿಸಿದ್ದರೆ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರುವುದಿಲ್ಲ, ಫ್ಲೂಯಿಡ್ ಮರಳಿ ರಿಸರ್ವಾಯರಿಗೆ ಹೋಗುವ ಸಣ್ಣ ರಂಧ್ರ ಮುಚ್ಚಿಯೇ ಇರುತ್ತದೆ. ಬಿಸಿಗೆ ಹಿಗ್ಗಿದ ಫ್ಲೂಯಿಡ್ ಎಲ್ಲಿಗೂ ಹೋಗಲಾರದೆ, ನೀವು ಕಾಲಿಡದಿದ್ದರೂ, ಕ್ಲಚ್ಚನ್ನು ತಾನೇ ಅರ್ಧ ಒತ್ತಿ ಹಿಡಿಯುತ್ತದೆ. ಜಾರುತ್ತಿರುವಾಗಲೇ ಕಾರು ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಸ್ಲೇವ್ ಸಿಲಿಂಡರಿನ ಏರ್ ತೆಗೆಯುವ ನಿಪ್ಪಲನ್ನು ಬಟ್ಟೆ ಸುತ್ತಿ ಕ್ಷಣಮಾತ್ರ ಸಡಿಲಿಸಿ. ಫ್ಲೂಯಿಡ್ ಚಿಮ್ಮಿ, ಮರುಕ್ಷಣದಿಂದ ಜಾರುವುದು ನಿಂತರೆ ಪ್ಲೇಟ್ ನಿರಪರಾಧಿ. ಬಿಸಿ ಭಾಗಗಳ ನಡುವೆ ಮಾಡುವ ಕೆಲಸ, ಕೈಗವಸು ಮತ್ತು ಕನ್ನಡಕ ಇರಲಿ.

ಇನ್ನೊಂದು ಸುಳ್ಳು ಜಾರಿಕೆ ಇದೆ. ಬಿಎಂಡಬ್ಲ್ಯು ಇ46ನಂಥ ಕೆಲವು ಕಾರುಗಳ ಕ್ಲಚ್ ಲೈನಿನಲ್ಲಿ ಕಾರ್ಖಾನೆಯವರೇ ಒಂದು ಕಿರಿದಾದ ವಾಲ್ವ್ ಇಟ್ಟಿರುತ್ತಾರೆ. ಪೆಡಲನ್ನು ಎಷ್ಟೇ ಬೇಗ ಬಿಟ್ಟರೂ ಕ್ಲಚ್ ನಿಧಾನವಾಗಿಯೇ ಹಿಡಿಯುತ್ತದೆ. ಗೇರನ್ನು ಚಕಚಕನೆ ಬದಲಿಸಿದಾಗ ಮಾತ್ರ ಆರ್‌ಪಿಎಂ ಒಂದು ಕ್ಷಣ ತೇಲಿದರೆ, ಭಾಗಾಕಾರ ಉಳಿದೆಲ್ಲ ಕಡೆ ಸರಿಬಂದರೆ, ಕಾರಣ ಇದೇ ಇರಬಹುದು.

ಬೆಲ್ ಹೌಸಿಂಗಿನ ಕೆಳತುದಿಯಲ್ಲಿ ತೊಟ್ಟಿಕ್ಕುತ್ತಿದ್ದರೆ ಆ ಹನಿಯನ್ನು ಬಿಳಿ ಕಾಗದದ ಮೇಲೆ ಹಿಡಿಯಿರಿ. ಕಪ್ಪು, ಎಂಜಿನ್ ಆಯಿಲಿನ ವಾಸನೆಯಾದರೆ ಕ್ರ್ಯಾಂಕಿನ (ಎಂಜಿನ್ನಿನ ಮುಖ್ಯ ಶಾಫ್ಟ್) ಹಿಂದಿನ ಸೀಲು. ಕೊಳೆತ ಮೊಟ್ಟೆ, ಗಂಧಕದ ಘಾಟಾದರೆ ಗೇರ್ ಆಯಿಲ್, ಅಂದರೆ ಇನ್‌ಪುಟ್ ಶಾಫ್ಟಿನ ಸೀಲು. ತೆಳ್ಳಗೆ ನೀರಿನಂತೆ ಹರಡಿದರೆ ಒಳಗಿನ ಸ್ಲೇವ್ ಸಿಲಿಂಡರ್. ಆಯಿಲ್ ಕುಡಿದ ಪ್ಲೇಟ್ ಜಾರುವ ಮೊದಲು ಹೆಚ್ಚಾಗಿ ನಡುಗುತ್ತದೆ. ಕಾರು ನಿಂತಲ್ಲಿಂದ ಹೊರಡುವಾಗ ಇಡೀ ಮೈ ಕುಲುಕಿದಂತಾಗುತ್ತದೆ. ಎಂಜಿನ್ ಮೌಂಟ್ ಹರಿದಿದ್ದರೂ ಹೀಗೇ ಕುಲುಕುತ್ತದೆ. ಆದ್ದರಿಂದ ಪ್ಲೇಟಿನ ಮೇಲೆ ತಪ್ಪು ಹೊರಿಸುವ ಮೊದಲು ಬಾನೆಟ್ ತೆರೆದು, ಯಾರಾದರೂ ಹಾಫ್ ಕ್ಲಚ್ ಮಾಡುವಾಗ ಎಂಜಿನ್ ಎಷ್ಟು ವಾಲುತ್ತದೆ ಎಂದು ಪಕ್ಕದಲ್ಲಿ ನಿಂತು ನೋಡಿ, ಮುಂದೆ ನಿಂತಲ್ಲ. ಮಳೆಯಲ್ಲಿ ನಿಂತ ಕಾರು ಬೆಳಗ್ಗೆ ಒಂದೆರಡು ಸಲ ನಡುಗಿ ಸುಮ್ಮನಾದರೆ ಅದು ಫ್ಲೈವೀಲಿನ ಮೇಲಿನ ತೇವ, ಬಿಟ್ಟುಬಿಡಿ.

ಸದ್ದು ಎಲ್ಲಿಂದ?

ಎಂಜಿನ್ ಐಡಲ್‌ನಲ್ಲಿ ಓಡುತ್ತಿರಲಿ, ಕಿಟಕಿ ಇಳಿಸಿ, ಗೋಡೆಯೊಂದರ ಪಕ್ಕ ನಿಲ್ಲಿಸಿ. ನ್ಯೂಟ್ರಲ್‌ನಲ್ಲಿ, ಪೆಡಲ್ ಬಿಟ್ಟಾಗ ಗುರ್ರೆನ್ನುವ ಸದ್ದಿದ್ದು, ಒತ್ತಿದ ಕೂಡಲೇ ಅಡಗಿದರೆ ಇನ್‌ಪುಟ್ ಶಾಫ್ಟಿನ ಬೇರಿಂಗ್ ಮೇಲೆ ಮೊದಲ ಅನುಮಾನ. ಬಿಟ್ಟಾಗ ನಿಶ್ಶಬ್ದ, ಪೆಡಲ್ ಸ್ವಲ್ಪ ಒತ್ತಿದಾಗ ಸದ್ದು ಶುರುವಾದರೆ ಕ್ಲಚ್ಚನ್ನು ಒತ್ತಿ ಬಿಡಿಸುವ ರಿಲೀಸ್ ಬೇರಿಂಗ್. ಪೆಡಲ್ ಪೂರ್ತಿ ಒತ್ತಿ ಗೇರ್ ಹಾಕಿ ನಿಂತಾಗ ಮಾತ್ರ ಕೀರಲು ಸದ್ದು ಬಂದರೆ ಪೈಲಟ್ ಬೇರಿಂಗ್, ಏಕೆಂದರೆ ಕ್ರ್ಯಾಂಕ್ ತಿರುಗುತ್ತಾ ಇನ್‌ಪುಟ್ ಶಾಫ್ಟ್ ನಿಂತೇ ಇರುವ ಸ್ಥಿತಿ ಅದು, ಆ ಬೇರಿಂಗ್ ಕೆಲಸ ಮಾಡುವುದೂ ಆಗಲೇ.

ಈ ಮೂರರಲ್ಲಿ ಮೊದಲನೆಯದು ಮೋಸ ಮಾಡಬಲ್ಲದು. ಹಗುರ ಫ್ಲೈವೀಲ್ ಹಾಕಿಸಿದ ಕಾರುಗಳಲ್ಲಿ ನ್ಯೂಟ್ರಲ್‌ನಲ್ಲಿ ಗಡಗಡ ಸದ್ದು ಇರುತ್ತದೆ, ಕ್ಲಚ್ ಒತ್ತಿದರೆ ಅದೂ ಮಾಯವಾಗುತ್ತದೆ. ಆದರೆ ಅದು ಬೇರಿಂಗಿನ ಏಕತಾನದ ಗುಂಯ್‌ಗುಟ್ಟುವಿಕೆಯಲ್ಲ, ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದಂಥ ಸದ್ದು. ಐಡಲ್‌ಗಿಂತ ಕೆಲವು ನೂರು ಆರ್‌ಪಿಎಂ ಏರಿಸಿದರೆ ಅಡಗುತ್ತದೆ. ಅದನ್ನು ಸಹಿಸಬೇಕು ಅಥವಾ ಹಳೆಯ ಫ್ಲೈವೀಲಿಗೆ ಮರಳಬೇಕು. ಡ್ಯುಯಲ್ ಮಾಸ್ ಫ್ಲೈವೀಲ್ (ನಡುವೆ ಸ್ಪ್ರಿಂಗುಗಳಿರುವ ಎರಡು ಭಾಗದ ಫ್ಲೈವೀಲ್) ಇರುವ ಕಾರಿನಲ್ಲಿ ಇದೇ ಸದ್ದು ಹೊಸದಾಗಿ ಹುಟ್ಟಿ, ಎಂಜಿನ್ ನಿಲ್ಲಿಸುವಾಗ ದಡ್ ಎಂದರೆ, ಫ್ಲೈವೀಲಿನೊಳಗಿನ ಸ್ಪ್ರಿಂಗುಗಳು ಸೋತಿವೆ.

ಓಡುವಾಗಿನ ಸದ್ದಿಗೆ ನನಗೆ ಬಲು ಇಷ್ಟವಾದ ಪರೀಕ್ಷೆಯೊಂದಿದೆ. ಎಂಜಿನ್ ಉದ್ದಕ್ಕೆ ಕೂತು ಹಿಂದಿನ ಚಕ್ರ ಎಳೆಯುವ ಬಹುತೇಕ ಕಾರುಗಳಲ್ಲಿ ಒಂದು ಗೇರ್ 1:1 ಇರುತ್ತದೆ. ಹಳೆಯ ಐದು ಗೇರಿನ ಎಮ್‌ಎಕ್ಸ್-5ರಲ್ಲಿ ಅದು ನಾಲ್ಕನೆಯದು, ನಾಲ್ಕನೇ ತಲೆಮಾರಿನ ಆರು ಗೇರಿನದರಲ್ಲಿ ಆರನೆಯದು. ಆ ಗೇರಿನಲ್ಲಿ ಶಕ್ತಿ ಇನ್‌ಪುಟ್ ಶಾಫ್ಟಿನಿಂದ ನೇರ ಔಟ್‌ಪುಟ್ಟಿಗೆ ಹೋಗುತ್ತದೆ, ಪಕ್ಕದ ಲೇ ಶಾಫ್ಟ್ ಸುಮ್ಮನೆ ತಿರುಗುತ್ತಿರುತ್ತದೆ, ಹೊರೆ ಹೊರುವುದಿಲ್ಲ. ಉಳಿದೆಲ್ಲ ಗೇರಿನಲ್ಲೂ ಊಳಿಡುವ ಗೇರ್‌ಬಾಕ್ಸ್ ಆ ಒಂದು ಗೇರಿನಲ್ಲಿ ಸುಮ್ಮನಾದರೆ ಲೇ ಶಾಫ್ಟಿನ ಬೇರಿಂಗ್ ಹೋಗಿದೆ. ಎಲ್ಲ ಗೇರಿನಲ್ಲೂ ಒಂದೇ ವೇಗಕ್ಕೆ ಒಂದೇ ಸ್ವರದಲ್ಲಿ ಊಳಿಟ್ಟು, ಆಕ್ಸಿಲರೇಟರ್ ಬಿಟ್ಟಾಗ ಸ್ವರ ಬದಲಾದರೆ ಗೇರ್‌ಬಾಕ್ಸ್ ಬಿಟ್ಟು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಕಡೆ ಹೋಗಿ.

ಒಂದೇ ಗೇರ್ ಕರ್ರೆಂದರೆ

ಕ್ಲಚ್ ದೋಷ ಎಲ್ಲ ಗೇರನ್ನೂ ಕಾಡುತ್ತದೆ. ಸಿಂಕ್ರೊ ದೋಷ ಒಂದೆರಡನ್ನು ಮಾತ್ರ, ಹೆಚ್ಚಾಗಿ ಎರಡು ಅಥವಾ ಮೂರನೆಯದನ್ನು, ಅದೂ ಹೆಚ್ಚಿನ ಆರ್‌ಪಿಎಂನಲ್ಲಿ ರಭಸವಾಗಿ ಎಳೆದಾಗ. ಅದೇ ಗೇರನ್ನು ಡಬಲ್ ಕ್ಲಚ್ ಮಾಡಿ ಹಾಕಿ: ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಟ್ಟು, ಕೆಳಗಿನ ಗೇರಿಗೆ ಇಳಿಯುವಾಗಲಾದರೆ ಆಕ್ಸಿಲರೇಟರನ್ನು ಒಮ್ಮೆ ಚುಚ್ಚಿ, ಮತ್ತೆ ಕ್ಲಚ್ ಒತ್ತಿ ಗೇರ್. ಬೆಣ್ಣೆಯಂತೆ ಇಳಿದರೆ ಸಿಂಕ್ರೊ ರಿಂಗ್ ಸವೆದಿದೆ. ಅದು ಮಾಡಬೇಕಿದ್ದ ವೇಗ ಹೊಂದಿಸುವ ಕೆಲಸವನ್ನು ಈಗ ನಿಮ್ಮ ಕಾಲು ಮಾಡಿತು.

ಆದರೆ ರಿಂಗ್ ಖರೀದಿಗೆ ಮುನ್ನ ಆಯಿಲ್ ಬದಲಿಸಿ ನೋಡಿ. ಸಿಂಕ್ರೊ ಘರ್ಷಣೆಯಿಂದಲೇ ಕೆಲಸ ಮಾಡುವ ಭಾಗ. ಡಿಫರೆನ್ಷಿಯಲ್‌ಗೆಂದು ಮಾಡಿದ ಕೆಲವು ಜಿಎಲ್-5 ದರ್ಜೆಯ ಗೇರ್ ಆಯಿಲ್‌ಗಳ ಜಾರಿಕೆ ಅದಕ್ಕೆ ಒಗ್ಗುವುದಿಲ್ಲ, ಅವುಗಳ ಗಂಧಕದ ಅಂಶ ಹಿತ್ತಾಳೆಯ ರಿಂಗುಗಳಿಗೂ ಒಳ್ಳೆಯದಲ್ಲ. ಕೈಪಿಡಿ ಜಿಎಲ್-4 ಎಂದರೆ ಜಿಎಲ್-4 ಅನ್ನೇ ಹಾಕಿ. ಬೆಳಗಿನ ಚಳಿಯಲ್ಲಿ ಎರಡನೇ ಗೇರ್ ಬಿಗಿಯಾಗಿದ್ದು ಹತ್ತು ನಿಮಿಷದಲ್ಲಿ ಸಡಿಲವಾದರೆ ಅದು ಗಟ್ಟಿಯಾದ ಆಯಿಲ್ ಮಾತ್ರ.

ಹಳೆಯ ಆಯಿಲ್ ಇಳಿಸುವಾಗ ಡ್ರೈನ್ ಪ್ಲಗ್ಗಿನ ಅಯಸ್ಕಾಂತವನ್ನು ಒರೆಸಿಬಿಡಬೇಡಿ, ಮೊದಲು ಓದಿ. ಬೂದು ಬಣ್ಣದ ನುಣ್ಣನೆ ಮುಲಾಮು ಸಹಜ. ಉಗುರಿಗೆ ಸಿಕ್ಕುವ ಚೂರು ಸಹಜವಲ್ಲ. ಹಿತ್ತಾಳೆ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಆದ್ದರಿಂದ ತಟ್ಟೆಯ ಆಯಿಲನ್ನು ಬಿಸಿಲಿಗೆ ಹಿಡಿದು ವಾಲಿಸಿ. ಚಿನ್ನದ ಪುಡಿಯಂತೆ ಮಿನುಗಿದರೆ ಅದು ನಿಮ್ಮ ಸಿಂಕ್ರೊ ರಿಂಗೇ.

ಗೇರ್ ತಾನಾಗಿ ನ್ಯೂಟ್ರಲ್‌ಗೆ ಹಾರುತ್ತಿದ್ದರೆ, ಆ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿ ಬಿಟ್ಟು ಮಾಡುತ್ತಾ ಲಿವರನ್ನೇ ನೋಡಿ. ಲಿವರ್ ಹಿಂದೆ ಮುಂದೆ ಓಲಾಡಿದರೆ ಮೌಂಟ್ ಸಡಿಲ. ಲಿವರ್ ಅಲುಗದೆ ಫಟ್ಟನೆ ಹಾರಿದರೆ ಹಲ್ಲು, ಫೋರ್ಕ್ ಅಥವಾ ಲಾಕಿಂಗ್ ಸ್ಪ್ರಿಂಗ್ ಸವೆದಿದೆ. ಲಿವರಿನ ಮೇಲೆ ಸದಾ ಕೈಯಿಟ್ಟು ಓಡಿಸುವ ಅಭ್ಯಾಸ ಫೋರ್ಕಿಗೆ ಹಿತವಲ್ಲ.

ಇಳಿಸಲೇಬೇಕಾದರೆ

ಇಷ್ಟೆಲ್ಲ ಆದ ಮೇಲೂ ಬೊಟ್ಟು ಒಳಗೇ ತೋರಿಸಿದರೆ ಇಳಿಸಿ. ಬೆಲ್ ಹೌಸಿಂಗಿನ ಧೂಳನ್ನು ಗಾಳಿಯಿಂದ ಊದಬೇಡಿ, ಹಳೆಯ ಪ್ಲೇಟುಗಳಲ್ಲಿ ಕಲ್ನಾರು ಇರಬಹುದು. ಬ್ರೇಕ್ ಕ್ಲೀನರ್‌ನಲ್ಲಿ ತೋಯಿಸಿ ಒರೆಸಿ. ಪ್ಲೇಟಿನ ಲೈನಿಂಗ್ ರಿವೆಟ್ ತಲೆಗಿಂತ ಎಷ್ಟು ಎತ್ತರ ಉಳಿದಿದೆ ಎಂದು ಅಳೆಯಿರಿ, 0.3 ಮಿಲಿಮೀಟರ್ ಎಂಬುದು ಅನೇಕ ಕೈಪಿಡಿಗಳು ಕೊಡುವ ಕನಿಷ್ಠ ಮಿತಿ. ಫ್ಲೈವೀಲಿನ ಮೇಲೆ ನೀಲಿ ಕಲೆಗಳಿದ್ದರೆ ಅಲ್ಲಿ ಸುಟ್ಟಿದೆ, ಮೇಲ್ಮೈ ಸಮತಟ್ಟು ಮಾಡಿಸಬೇಕು ಅಥವಾ ಬದಲಿಸಬೇಕು. ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್, ಕ್ರ್ಯಾಂಕಿನ ಸೀಲು ಚೆನ್ನಾಗಿಯೇ ಕಂಡರೂ ಬದಲಿಸಿ, ಈ ಜಾಗಕ್ಕೆ ಕೈ ಮತ್ತೆ ಬೇಗ ಹೋಗುವುದಿಲ್ಲ. ಸ್ಪ್ಲೈನಿಗೆ ಗ್ರೀಸ್ ಲೇಪಿಸಿದಂತಿರಲಿ, ಮೆತ್ತಿದಂತಲ್ಲ. ಹೆಚ್ಚಾದದ್ದು ತಿರುಗುವಾಗ ಎರಚಿ ಹೊಸ ಪ್ಲೇಟನ್ನೇ ಹಾಳು ಮಾಡುತ್ತದೆ.

ಹೊಸ ಕ್ಲಚ್ಚಿಗೆ ಮೊದಲ ಕೆಲವು ನೂರು ಕಿಲೋಮೀಟರ್ ಮೆತ್ತಗಿನ ಓಡಾಟ ಇರಲಿ. ಅದು ಮುಗಿದ ದಿನ ಪ್ರತಿ ಗೇರಿನಲ್ಲೂ ಆರ್‌ಪಿಎಂ ಮತ್ತು ವೇಗದ ಭಾಗಾಕಾರ ಮಾಡಿ, ಸ್ಲೇವ್ ಕಡ್ಡಿಯ ಚಲನೆಯನ್ನೂ ಅಳೆದು, ಸರ್ವಿಸ್ ಪುಸ್ತಕದ ಹಿಂಬದಿಯ ಖಾಲಿ ಪುಟದಲ್ಲಿ ದಿನಾಂಕ ಸಹಿತ ಬರೆದಿಡಿ. ನನ್ನ ಪುಸ್ತಕದಲ್ಲಿ ಆ ಅಂಕಿಗಳ ಕೆಳಗೆ ಇನ್ನೊಂದು ಸಾಲೂ ಇದೆ: ‘ಬ್ರಾಕೆಟ್ ಬೆಸುಗೆ ನೋಡು’.